ಬಾಟಲಿಗೆ ನೀರು ಹಾಕುವವರು

ಪಾತ್ರೆ ತೊಳೆಯುವ ಒಂದು ದ್ರವಕ್ಕಾಗಿ ಎರಡು ವರ್ಷ ತಲೆ ಕೆಡಿಸಿಕೊಂಡಿದ್ದ ಕೆಮಿಸ್ಟ್‌ಗೆ ತನ್ನ ಬುದ್ಧಿಯ ಬಗ್ಗೆ ತನಗೇ ವಿಪರೀತ ಗೌರವ. ಜಿಡ್ಡು ಬಿಡಿಸುವ ಕೆಲಸವನ್ನು ಪೆಟ್ರೋಲಿಯಂನಿಂದ ಬರುವ ರಾಸಾಯನಿಕದ ಕೈಯಿಂದ ಕಿತ್ತು ಯೀಸ್ಟ್ ತಯಾರಿಸುವ ವಸ್ತುವಿಗೆ ಒಪ್ಪಿಸಿದ್ದ. ದ್ರವ ಮಂದವಾಗಲು ಬೀಜದಿಂದ ತೆಗೆದ ಅಂಟು ಬೆರೆಸಿದ್ದ. ಮಣ್ಣಿಗೆ ಬಿದ್ದರೆ ಸೂಕ್ಷ್ಮಜೀವಿಗಳು ಇದನ್ನು ತಿಂದು ಮುಗಿಸುತ್ತವೆ ಎಂದು ಸಿಕ್ಕಸಿಕ್ಕವರಿಗೆಲ್ಲ ಕೊರೆಯುತ್ತಿದ್ದ. ಬಿಸಿಲಲ್ಲಿಟ್ಟು ನೋಡಿದ್ದ, ಫ್ರಿಜ್ಜಿನಲ್ಲಿಟ್ಟು ನೋಡಿದ್ದ, ಬಾಟಲಿಯನ್ನು ಮೆಟ್ಟಿಲಿನಿಂದ ಉರುಳಿಸಿಯೂ ನೋಡಿದ್ದ. ಅಕ್ಕನ ಮನೆಯೂ ಸೇರಿ ಕೆಲವು ಮನೆಗಳಿಗೆ ಬಳಸಿ ನೋಡಲು ಕೊಟ್ಟಿದ್ದ, ಅದರ ಫಲಿತಾಂಶವಷ್ಟೇ ಬಾಕಿ. ಅದರಲ್ಲಿ ಗೆದ್ದರೆ ಕಾರ್ಖಾನೆಗೆ, ಸೋತರೆ ಇಡೀ ಯೋಜನೆಗೇ ಎಳ್ಳುನೀರು.

ಕಂಪನಿಯಲ್ಲಿ ಅದನ್ನು ತೀರ್ಮಾನಿಸುವ ಮೀಟಿಂಗಿನ ಹಿಂದಿನ ದಿನ ಅಕ್ಕ ಫೋನ್ ಮಾಡಿದಳು.

"ಏನೋ ಪಂಡಿತ, ನಿನ್ನ ಸೋಪು ವಾಸನೆ ಬರ್ತಿದೆ."

"ಅದು ನಿಂಬೆ ವಾಸನೆ ಕಣೆ."

"ಹಾಗಾದ್ರೆ ಆ ನಿಂಬೆ ಸತ್ತು ತುಂಬ ದಿನ ಆಗಿರ್ಬೇಕು."

ಅಕ್ಕನ ಮನೆಗೆ ಬಿದ್ದಂಬೀಳ ಓಡಿದ. ಸಿಂಕ್ ಪಕ್ಕದ ಬಾಟಲಿಯ ಮುಚ್ಚಳ ತೆಗೆದವನೇ ಮೂಗು ಹಿಡಿದುಕೊಂಡ. "ಏನು ಮಾಡಿದೆ ಇದಕ್ಕೆ?"

"ಎಲ್ರೂ ಏನು ಮಾಡ್ತಾರೋ ಅದೇ. ತಳದಲ್ಲಿ ಅಂಟ್ಕೊಂಡಿತ್ತು, ಇನ್ನೊಂದಷ್ಟು ದಿನ ಬರಲಿ ಅಂತ ನೀರು ಹಾಕಿ ಕುಲುಕಿದೆ. ಮಣ್ಣಿಗೆ ಬಿದ್ರೆ ಕ್ರಿಮಿಗಳು ತಿನ್ತವೆ ಅಂತಿದ್ಯಲ್ಲ, ಪಾಪ, ಅವಕ್ಕೆ ಅಲ್ಲಿವರೆಗೂ ತಡ್ಕೊಳ್ಳೋಕೆ ಆಗ್ಲಿಲ್ಲ."

ಅವನ ಮುಖ ಇಂಗು ತಿಂದ ಮಂಗನಂತಾಯಿತು. ದ್ರವ ಕೆಡದಿರಲೆಂದು ಹಾಕಿದ್ದ ವಸ್ತು ನೀರು ಸೇರಿದೊಡನೆ ತೆಳುವಾಗಿ ಕೈಚೆಲ್ಲಿತ್ತು. ಉಳಿದ ಮನೆಗಳಿಗೆ ಫೋನ್ ಮಾಡಿದರೆ ಅಲ್ಲೂ ಅದೇ ಕಥೆ. ಭೇಷ್, ಬಿಸಿಲು ಗೊತ್ತು, ಚಳಿ ಗೊತ್ತು, ನಲ್ಲಿ ಮಾತ್ರ ಗೊತ್ತಿಲ್ಲ ಎಂದು ತನ್ನನ್ನೇ ಹಂಗಿಸಿಕೊಂಡ. ಒಳಗೊಳಗೆ ನಿಜಕ್ಕೂ ಭಯವಾಗಿತ್ತು. ಈ ದ್ರವ ಬಿಟ್ಟರೆ ಹೇಳಿಕೊಳ್ಳುವಂಥದ್ದು ಅವನ ಬಳಿ ಬೇರೇನೂ ಇರಲಿಲ್ಲ.

ಮೀಟಿಂಗಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಮಾರಾಟ ವಿಭಾಗದವನು ಮೂಗು ಮುರಿದ. "ನೀರು ಹಾಕಬೇಡಿ ಅಂತ ಬಾಟಲಿ ಮೇಲೆ ಬರೆದ್ರಾಯ್ತು. ಅಷ್ಟೊಂದು ಜಿಪುಣರು ಎಲ್ಲಿರ್ತಾರೆ?"

ಕಂಪನಿಯ ಒಡತಿ ಮೇಡಂ ಕೈ ಎತ್ತಿದರು. "ನಾನು ಹಾಕ್ತೀನಿ." ಲೆಕ್ಕಪತ್ರದವರ ಕೈಯೂ ಎದ್ದಿತು. ಆಮೇಲೆ ಮಾರಾಟದವನದು, ಅರ್ಧ ಮಾತ್ರ.

"ನೀರು ಹಾಕಿದ್ರೂ ಕೆಡದ ಹಾಗೆ ಮಾಡ್ಕೊಂಡು ಬನ್ನಿ, ಇನ್ನೊಂದು ಅವಕಾಶ ಕೊಡ್ತೀನಿ" ಎಂದರು ಮೇಡಂ. "ಅದಿರ್ಲಿ, ಇಷ್ಟೆಲ್ಲ ಪರೀಕ್ಷೆ ಮಾಡಿದ್ರಿ, ಇದೊಂದು ಹೇಗೆ ಹೊಳೀಲಿಲ್ಲ? ನಿಮ್ಮ ಮನೇಲಿ ಹಾಕಲ್ವಾ?"

ಕೆಮಿಸ್ಟ್ ಇನ್ನೂ ಒದ್ದೆಯಾಗಿದ್ದ ತಲೆ ಕೆರೆದುಕೊಂಡ.

"ಹಾಕ್ತೀನಿ ಮೇಡಂ. ಇವತ್ತು ಬೆಳಿಗ್ಗೆ ಶಾಂಪೂ ಬಾಟಲಿಗೆ ಹಾಕಿದೆ." ಸುಳ್ಳು ಹೇಳಿ ಇನ್ನೇನು ಪ್ರಯೋಜನ ಎನ್ನಿಸಿತು. "ಅದೇ ಬಾಟಲಿಗೆ, ಮೂರನೇ ಸಲ."