ಮನೆಗೊಂದು ಮಾತು

ಗೋಡೆಗೆ ಇಳಿಬಿಟ್ಟ ಬಿಳಿ ಪಂಚೆಯ ಮೇಲೆ ಅಕ್ಷರಗಳು ಒಂದೊಂದಾಗಿ ಮೂಡುತ್ತಿದ್ದವು. ಪಂಚೆ ಅಲುಗಿದರೆ ಕವಿತೆಯೂ ಅಲುಗುತ್ತಿತ್ತು. ಆ ಸಂಜೆಗಳನ್ನು ನೆನೆದರೆ ಇಂದಿಗೂ ನನಗೆ ಕೂತಲ್ಲಿ ಕೂರಲಾಗುವುದಿಲ್ಲ.

ನಮ್ಮೂರಿನ ವಾಚನಾಲಯದಲ್ಲಿ ಕವಿತೆ ಕಟ್ಟುತ್ತಿದ್ದುದು ಒಂದು ಕಂಪ್ಯೂಟರ್. ಗಣಿತದ ಮೇಷ್ಟ್ರು ಚಂದ್ರಹಾಸ ಅದನ್ನು ಪಳಗಿಸಿದ್ದರು. ಭಾನುವಾರ ಬರುವವರೆಲ್ಲ ಮನೆಯಿಂದ ಒಂದೊಂದು ಮಾತು ತರಬೇಕು. ಬರಿಗೈಯಲ್ಲಿ ಬಂದವರಿಗೆ ಕುರ್ಚಿಯಿಲ್ಲ. ಅಡುಗೆಮನೆಯ ಮಾತು, ಗುಜರಿ ಅಂಗಡಿಯ ಮಾತು, ಎಲ್ಲವನ್ನೂ ಅದರ ಹೊಟ್ಟೆಗೆ ಸುರಿದು ಗುಂಡಿ ಒತ್ತಿದರೆ, ಅದು ಕಣ್ಣುಮುಚ್ಚಿ ಸಿಕ್ಕಿದ್ದನ್ನು ಹೆಕ್ಕಿ ಪೋಣಿಸುತ್ತಿತ್ತು. ಹೆಚ್ಚಿನವು ಶುದ್ಧ ತಲೆಹರಟೆ. ಆದರೂ ಮುಂದಿನ ಸಾಲು ಏನು ಬರುತ್ತದೋ ಎಂದು ನಾವು ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದೆವು. ಬರೆದವರಿಗೇ ಗೊತ್ತಿಲ್ಲದ ಕವಿತೆ ಇನ್ನೆಲ್ಲಿ ಸಿಗಬೇಕು? ಸಾಲು ಮೆಚ್ಚಿಗೆಯಾದರೆ ಚಪ್ಪಾಳೆ ತಟ್ಟುವಂತಿಲ್ಲ, ‘ಮತ್ತೊಮ್ಮೆ!’ ಎಂದು ಕೂಗಬೇಕು.

ಒಂದು ಭಾನುವಾರ ನನ್ನ ಅಕ್ಕ ಮಂದಾಕಿನಿಯನ್ನು ಬಲವಂತದಿಂದ ಕರೆದೊಯ್ದೆ. ಒಂದು ಕಾಲಕ್ಕೆ ಅವಳು ಮಾತಿನ ಮಲ್ಲಿ. ಲಕ್ವ ಹೊಡೆದ ಮೇಲೆ ಕೈಕಾಲು ಸರಿಹೋದವು, ಮಾತು ಮಾತ್ರ ದಾರಿ ತಪ್ಪಿತು. ನೀರು ಕೇಳಹೋದರೆ ‘ಛತ್ರಿ’ ಎನ್ನುವಳು. ಯಾರೋ ನೆಂಟರು ನಕ್ಕರು. ಅಂದಿನಿಂದ ಅವಳು ತುಟಿ ಪಿಟಕ್ಕೆನ್ನಲಿಲ್ಲ. ‘ತಪ್ಪೋ ಒಪ್ಪೋ, ಮಾತಾಡ್ತಾ ಇರ್ಲಿ. ಸುಮ್ಮನಿದ್ರೆ ಇರೋ ಮಾತೂ ಹೋಗ್ತವೆ’ ಎಂದು ಡಾಕ್ಟರು ಎಚ್ಚರಿಸಿದ್ದರು. ನನಗೆ ಹಗಲಿರುಳೂ ಅದೇ ಭಯ. ವಾಚನಾಲಯದ ಬಾಗಿಲಲ್ಲಿ ಅವಳ ಪಾಲಿನ ಮಾತನ್ನೂ ನಾನೇ ಕೊಟ್ಟೆ.

ಪಂಚೆಯ ಮೇಲೆ ಹೊರಗಿನ ಬೆಳಕು ಬೀಳದಿರಲೆಂದು ಕಿಟಕಿಗಳನ್ನೆಲ್ಲ ಮುಚ್ಚಿದ್ದರು. ಮೇಷ್ಟ್ರು ಗುಂಡಿ ಒತ್ತಿ, ಮೂಡಿದ್ದನ್ನು ಓದಿದರು:

‘ಹುಣಸೆಮರಕ್ಕೆ ಚಳಿಜ್ವರ
ಇಕ್ಕಳ ಜೋಗುಳ ಹಾಡಿತು
ಅಜ್ಜನ ಹಲ್ಲು ಸಂತೆಗೆ ಹೊರಟಿತು’

‘ಮತ್ತೊಮ್ಮೆ!’ ಸಭೆ ಹುಚ್ಚೆದ್ದು ಕೂಗಿತು. ಅಕ್ಕನ ಹೆಗಲು ಕುಲುಕುತ್ತಿತ್ತು. ಅಳುತ್ತಿದ್ದಾಳೆಂದು ಹೆದರಿ ನೋಡಿದರೆ, ನಗು! ತಿಂಗಳುಗಟ್ಟಲೆ ಕಾಣದಿದ್ದ ನಗು. ಬೆವರಿದ ಮುಖ ಒರೆಸಿಕೊಂಡು ಅವಳು ಇದ್ದಕ್ಕಿದ್ದಂತೆ ಎದ್ದು ನಿಂತಳು.

‘ಚಪ್ಪಲಿ... ಬೆಳದಿಂಗಳಿಗೆ... ಒಗ್ಗರಣೆ ಹಾಕಿ.’

ಮುಗಿಯಿತು, ಇನ್ನು ಎಲ್ಲರೂ ನಗುತ್ತಾರೆ ಎಂದುಕೊಂಡು ನಾನು ಅವಳ ಸೆರಗು ಹಿಡಿದೆಳೆದೆ.

‘ಮತ್ತೊಮ್ಮೆ!’ ಹಿಂದಿನಿಂದ ಯಾರೋ ಕೂಗಿದರು. ‘ಅಮ್ಮಾ, ಮತ್ತೊಮ್ಮೆ!’

ಅದನ್ನೂ ಕವಿತೆಯೆಂದೇ ಅವರು ತಿಳಿದಿದ್ದರು. ಅಕ್ಕ ‘ಅಲ್ಲ, ಅಲ್ಲ!’ ಎಂದು ತಲೆಯಾಡಿಸಿದಳು. ಅವಳಿಗೆ ಬೇಕಾದದ್ದು ಮೆಚ್ಚಿಗೆಯಲ್ಲ.

‘ಕೂತ್ಕೋ ಅಕ್ಕ’ ಎಂದೆ.

ನನ್ನ ಕೈ ಕೊಡವಿ, ಕಣ್ಣು ಮುಚ್ಚಿ, ಅವಳು ಮಾತನ್ನು ಹುಡುಕಿದಳು.

‘ಗೋಡೆಗೆ... ಹಸಿವು. ಗಾಳಿ ಬಡಿಸಿ.’

ಈ ಸಲ ಯಾರೂ ಕೂಗಲಿಲ್ಲ. ಮೇಷ್ಟ್ರು ಅವಳ ಕೆನ್ನೆಯ ಮೇಲೆ ಇಳಿಯುತ್ತಿದ್ದ ಬೆವರನ್ನು ನೋಡಿದರು.

‘ಅಯ್ಯೋ, ಕಿಟಕಿ ತೆಗೀಬೇಕೇನಮ್ಮಾ?’ ಎನ್ನುತ್ತ ಓಡಿಹೋಗಿ ತೆರೆದರು. ಗಾಳಿ ನುಗ್ಗಿತು. ಪಂಚೆ ಉಬ್ಬಿ, ಅಜ್ಜನ ಹಲ್ಲು, ಇಕ್ಕಳ ಎಲ್ಲ ಚೆಲ್ಲಾಪಿಲ್ಲಿಯಾದವು.

‘ಹೂಂ!’ ಎಂದಳು ಅಕ್ಕ. ‘ಅದೇ!’

ನಾನು ಎಲ್ಲರೆದುರೇ ಗಳಗಳನೆ ಅತ್ತುಬಿಟ್ಟೆ. ಅಷ್ಟು ಸಂತೋಷವಾಗಿತ್ತು.

ಮನೆಯ ದಾರಿಯುದ್ದಕ್ಕೂ ಅವಳು ಮಾತಾಡಿದಳು. ಎದುರು ಬಂದ ಎಮ್ಮೆಯನ್ನು ಬೀರು ಎಂದಳು. ನನ್ನನ್ನು ಉಪ್ಪಿನಕಾಯಿ ಎಂದು ಬೈದಳು. ಸೆರಗು ಎಳೆದದ್ದಕ್ಕೆ ಆ ಬೈಗುಳ ಎಂಬುದರಲ್ಲಿ ನನಗೆ ಸಂಶಯವಿರಲಿಲ್ಲ. ಒಂದನ್ನೂ ತಿದ್ದದೆ ಹೂಂಗುಟ್ಟುತ್ತ ನಡೆದೆ. ಬಾಗಿಲು ಬಂದರೂ ಅವಳ ಮಾತು ಮುಗಿಯಲಿಲ್ಲ. ಬೀಗದ ಕೈಯನ್ನು ಮಡಿಲಲ್ಲಿಟ್ಟುಕೊಂಡು ನಾನು ಜಗಲಿಯ ಮೇಲೆ ಕೂತೆ. ಅಕ್ಕ ಪಕ್ಕದಲ್ಲಿ ಕಾಲು ಚಾಚಿ ಕೂತು, ಹೇಳುತ್ತಲೇ ಇದ್ದಳು.