ಒತ್ತಿಕೊಂಡು ಕೂತರೆ ಇಬ್ಬರಿಗೆ

ಮಧುಗಿರಿಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟುಕೊಂಡಿರುವ ಓಬಳರಾಜು ಮೊಬೈಲಿನಲ್ಲಿ ಕಾರು ಕಟ್ಟುವ ವಿಡಿಯೋ ನೋಡಿ ನೋಡಿ ಹುಚ್ಚು ಹತ್ತಿಸಿಕೊಂಡು, ಬಿಡಿಭಾಗಗಳನ್ನು ತರಿಸಿ, ತಾನೇ ಒಂದು ಪುಟ್ಟ ಕಾರು ಕಟ್ಟಿದ. ತಾನೇ ಅಂದರೆ ಅವನ ಹೆಂಡತಿ ವನಜಾಗೆ ಅನ್ಯಾಯವಾದೀತು. ಅವನು ಬೆಸುಗೆ ಹಾಕುವಾಗ ಕಬ್ಬಿಣ ಹಿಡಿದುಕೊಂಡವಳು ಅವಳು, ಕೈ ಸುಟ್ಟುಕೊಂಡವಳೂ ಅವಳೇ. ಅವಳು ಕೇಳಿದ್ದು ಒಂದೇ.

"ಕಾರು ಮುಗಿದ್ ಮ್ಯಾಲೆ ನಿಮ್ ಪಕ್ಕದಲ್ಲಿ ಕೂತ್ಕಂಡು ಗೊರವನಹಳ್ಳಿ ಲಕ್ಷ್ಮಮ್ಮನ ಗುಡಿಗೆ ಹೋಗ್ಬೇಕು ಕಣ್ರೀ."

"ಹೂಂ ಕಣೇ, ಇನ್ಯಾರನ್ನ ಕೂರುಸ್ಕಂಡ್ ಹೋಗ್ಲಿ?" ಅಂದಿದ್ದ.

ಎಲ್ಲ ಕೂಡಿಬಂತು, ಸೀಟು ಮಾತ್ರ ಕೂಡಲಿಲ್ಲ. ಕಾರು ಕಿರಿದು. ಯಾವ ಸೀಟು ತಂದರೂ ಒಂದು ಒಳಗೆ ಹೋದರೆ ಇನ್ನೊಂದು ಹೊರಗೆ. ವನಜಾ ರವಿಕೆ ಹೊಲಿಯುವವಳು. ಒಂದು ಸಂಜೆ ಗಂಡನನ್ನು ಜಗಲಿಯ ಮೇಲೆ ಕೂರಿಸಿ, ತಾನೂ ಪಕ್ಕಕ್ಕೆ ಒತ್ತಿಕೊಂಡು ಕೂತು, ಹೊಲಿಗೆಯ ಟೇಪಿನಲ್ಲಿ ಇಬ್ಬರನ್ನೂ ಸೇರಿಸಿ ಅಳೆದಳು. ಆಮೇಲೆ ಕಾರಿನ ಒಳಗೂ ಅಳೆದು ನೋಡಿದಳು.

"ಸಣ್ ಸೀಟಾದ್ರೆ ಇಬ್ರೂ ಹಿಡಿತೀವಿ ಕಣ್ರೀ. ಒಸಿ ಒತ್ಕಂಡ್ ಕೂತ್ಕಬೇಕು, ಅಷ್ಟೇಯ" ಎಂದು ನಾಚಿ ನಕ್ಕಳು. ಮದುವೆಯಾಗಿ ಇಷ್ಟು ವರ್ಷದ ಮೇಲೆ ಆ ನಾಚಿಕೆ ಕಂಡರೆ ಯಾವ ಗಂಡನಾದರೂ ಕರಗಬೇಕು. ಈ ಮಹಾಶಯನ ಕಣ್ಣೋ, ಟೇಪಿನ ಮೇಲಿತ್ತು.

ಅಳತೆ ಹಿಡಿದು ಶಿರಾದ ಗುಜರಿ ಅಂಗಡಿಗೆ ಹೋದ. ಅಂಗಡಿಯ ಸಾಬರು ಕಿರಿದಾದ ಜೋಡಿ ಸೀಟು ತೆಗೆದಿಟ್ಟರು. ಅಳತೆಗೆ ಸರಿಯಾಗಿತ್ತು. ಆದರೆ ಪಕ್ಕದಲ್ಲೇ ಯಾವುದೋ ದೊಡ್ಡ ಕಾರಿನ ಅಗಲವಾದ ಚರ್ಮದ ಸೀಟು ಬಿದ್ದಿತ್ತು. ಸುಮ್ಮನೆ ಕೂತು ನೋಡಿದ. ಅಷ್ಟೇ, ಕೆಟ್ಟ. ಬೆನ್ನು ಒರಗಿತು, ಬುದ್ಧಿ ಮಂಕಾಯಿತು.

"ಅರೆ ಭಾಯ್, ಇದು ಹಾಕಿದ್ರೆ ಒಬ್ರಿಗೇ ಜಾಗ. ಮನೇವ್ರು ಎಲ್ಲಿ ಕೂತ್ಕೋತಾರೆ?" ಅಂದರು ಸಾಬರು.

"ಅವ್ಳಿಗೆ ಬಸ್ಸೈತೆ ಬುಡಿ" ಅಂದ. ಅವನ ಬಾಯಿಗೆ ಮಣ್ಣು ಹಾಕ!

ಸೀಟು ಕೂರಿಸಿದ್ದನ್ನು ವನಜಾ ನೋಡಿದಳು. ಗುಡಿಯಲ್ಲಿ ಕಾರಿನ ಪೂಜೆಯ ದಿನ ಅವನು ಒಬ್ಬನೇ ಕಾರಿನಲ್ಲಿ ಹೊರಟ. ಅವಳು ಹೂವು, ಕಾಯಿ, ಚಕ್ರಕ್ಕಿಡುವ ನಿಂಬೆಹಣ್ಣು ಬುಟ್ಟಿಗೆ ಹಾಕಿಕೊಂಡು ಬಸ್ಸು ಹತ್ತಿದಳು. ಕೊರಟಗೆರೆ ದಾಟಿದ ಮೇಲೆ ಆ ಬಸ್ಸು ಇವನ ಕಾರನ್ನು ಹಿಂದೆ ಹಾಕಿತು. ಕಿಟಕಿಯಲ್ಲಿ ವನಜಾ ಕಂಡಳು. ಕೂರಲು ಜಾಗವಿಲ್ಲದೆ ಕಂಬಿ ಹಿಡಿದು, ಬುಟ್ಟಿಯನ್ನು ಸೊಂಟಕ್ಕೆ ಒತ್ತಿಕೊಂಡು ನಿಂತಿದ್ದಳು. ಇವನು ಹಾರನ್ ಹೊಡೆದ. ಅವಳು ತಿರುಗಲಿಲ್ಲ. ಎಂಥ ಕೆಲಸ ಮಾಡಿಬಿಟ್ಟೆ ಅಂತ ಓಬಳರಾಜು ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡ. ಚರ್ಮದ ಸೀಟು ಮುಳ್ಳಾಯಿತು.

ಮರುದಿನವೇ ಅದನ್ನು ಕಿತ್ತು ಶಿರಾಕ್ಕೆ ಓಡಿದ. ಪುಣ್ಯಕ್ಕೆ ಜೋಡಿ ಸೀಟು ಇನ್ನೂ ಅಲ್ಲೇ ಇತ್ತು. ತಂದು ಕೂರಿಸಿ, ಒರೆಸಿ, ಹೆಂಡತಿಯನ್ನು ಕರೆದ.

"ಬಾರೇ, ತಪ್ಪಾಯ್ತು ಕಣೇ. ನೀನ್ ಅಳತೆ ತಗಂಡಿದ್ ಸೀಟೇ ತಂದಿವ್ನಿ. ಇನ್ನೊಂದ್ಸಲ ಗುಡಿಗೆ ಹೋಗ್ಬರಾನ."

ವನಜಾ ಬಂದಳು. ಅತ್ತು ಜಗಳವಾಡಿದ್ದರೆ ಎಷ್ಟೋ ವಾಸಿಯಿತ್ತು. ಸೆರಗು ಎಳೆದುಕೊಂಡು, ಮೈಯೆಲ್ಲ ಮುದುರಿಕೊಂಡು, ಬಾಗಿಲಿಗೆ ಒರಗಿ ಹೊರಗೆ ನೋಡುತ್ತ ಕೂತಳು.

ಓಬಳರಾಜು ಗೇರು ಹಾಕಲು ಕೈ ಚಾಚಿದ. ಒತ್ತಿಕೊಂಡು ಕೂತರಷ್ಟೇ ಇಬ್ಬರನ್ನು ಹಿಡಿಯುವ ಜಾಗವದು. ಅವರಿಬ್ಬರ ನಡುವೆ ಅವನ ಕೈ ಸಲೀಸಾಗಿ ಹೋಗಿ ಬಂತು.