ಮ್ಯಾನೇಜರ್ ಜಾಗ ನೋಡಲು ಬಂದದ್ದು

ಸುಗುಣ ಮತ್ತು ಅವಳ ತಮ್ಮ ರಕ್ಷಿತ್ ಸೇರಿ ಒಣಸಿಗಡಿ ಮಾರುವ ಕಂಪನಿಯೊಂದನ್ನು ಗೋವಾದಲ್ಲಿ ನೋಂದಾಯಿಸಿದ್ದರು. ಈಗ ಗಂಗೊಳ್ಳಿಯಲ್ಲೂ ಶೆಡ್ ಹಾಕಿದ್ದರಿಂದ ಕುಂದಾಪುರದ ಬ್ಯಾಂಕೊಂದರಲ್ಲಿ ಕಂಪನಿಯ ಹೆಸರಿಗೆ ಚಾಲ್ತಿ ಖಾತೆ ಬೇಕಾಗಿತ್ತು. ಹೊರರಾಜ್ಯದ ಕಂಪನಿ, ಜಾಗ ಕಣ್ಣಾರೆ ನೋಡದೆ ಆಗುವುದಿಲ್ಲ ಎಂದ ಮ್ಯಾನೇಜರ್ ಒಂದು ಮಧ್ಯಾಹ್ನ ಕಾರಿನಲ್ಲಿ ಬಂದ.

ಇಳಿಯುವಾಗಲೇ ಮೂಗಿಗೆ ಕರ್ಚೀಫು ಒತ್ತಿಕೊಂಡಿದ್ದ. ಸಿಗಡಿ ಆರಿಸುತ್ತಿದ್ದ ಹೆಂಗಸರನ್ನು ನೋಡಿ, "ಈ ನಾತದಲ್ಲಿ ಕೂತು ಹೇಗೆ ಊಟ ಮಾಡ್ತೀರಿ?" ಎಂದ. ಸುಗುಣ ಕೊಟ್ಟ ಚಹಾ ಮುಟ್ಟಲಿಲ್ಲ. ಹೆಂಗಸರು ತಲೆ ತಗ್ಗಿಸಿದರು. ಖಾತೆಯಾಗಲಿ ಎಂದು ಸುಗುಣ ಎಲ್ಲ ನುಂಗಿಕೊಂಡಳು.

ಹೊರಡುವಾಗ ಅವನು ಕಾರಿನ ಡಿಕ್ಕಿ ತೆರೆದು ದನಿ ತಗ್ಗಿಸಿದ. "ಬಂದರಿನಿಂದ ದೊಡ್ಡ ಅಂಜಲ್ ಮೀನು ಒಂದೆರಡು ತರಿಸಿ ಹಾಕಿಸಿಬಿಡಿ. ಖಾತೆಯದ್ದು ನಾನು ನೋಡಿಕೊಳ್ತೇನೆ."

ಸುಗುಣಳಿಗೆ ಹೇಸಿಗೆಯಾಯಿತು. ಹುಟ್ಟಿದಾಗಿನಿಂದ ಮೀನಿನ ವಾಸನೆಗೆ ಅವಳಿಗೆ ಹಾಗಾದದ್ದಿಲ್ಲ.

"ಮೂಗ್ ಮುಚ್ಕಂಡ್ ನಿಂತವ್ರಿಗೆ ಮೀನ್ ಎಂತಕೆ ಸರ್? ಡಿಕ್ಕಿ ಮುಚ್ಚಿ, ಹೊರಡಿ" ಎಂದಳು. ಹೆಂಗಸರು ಕೈಕೆಲಸ ಬಿಟ್ಟು ನೋಡಿದರು. ಅವನು ಕೆಂಪಾಗಿ ಕಾರು ಹತ್ತಿದ.

ಕೆಲವೇ ದಿನಗಳಲ್ಲಿ ಅರ್ಜಿ ತಿರಸ್ಕಾರವಾಯಿತು. ಗೋವಾದಲ್ಲಿದ್ದ ರಕ್ಷಿತ್ ನಡೆದದ್ದು ಕೇಳಿ ಫೋನಿನಲ್ಲಿ ರೇಗಿದ. "ಎರಡ್ ಮೀನ್ ಕೊಟ್ರೆ ಆತಿತ್ತಲ್ದಾ ಅಕ್ಕ? ನಿಂಗೆಂತಕೆ ಅಷ್ಟ್ ಸೊಕ್ಕ್?"

ಮ್ಯಾನೇಜರನ ಮಾತಿಗಿಂತ ಇದು ಅವಳಿಗೆ ಹೆಚ್ಚು ಹೇಸಿಗೆ ಹುಟ್ಟಿಸಿತು. ಫೋನ್ ಇಟ್ಟಳು. ಮರುದಿನ ಅದೇ ಕಾಗದಪತ್ರಗಳನ್ನು ಹಿಡಿದುಕೊಂಡು ಬೈಂದೂರಿನ ಬಸ್ಸು ಹತ್ತಿದಳು. ಅಲ್ಲಿ ಬೇರೊಂದು ಬ್ಯಾಂಕಿನವರು ತಕರಾರಿಲ್ಲದೆ ಖಾತೆ ಮಾಡಿಕೊಟ್ಟರು. ಅದನ್ನು ತಮ್ಮನಿಗೆ ಅವಳು ಮೆಸೇಜಿನಲ್ಲಷ್ಟೇ ತಿಳಿಸಿದಳು. ಅವನೊಡನೆ ಮಾತಾಡಲು ಮನಸ್ಸಾಗಲಿಲ್ಲ.